ಸಂಬಳದ ಬಜೆಟ್: ಹನ್ನೆರಡರಿಂದ ಗುಣಿಸಿದರೆ ಸಾಲದು

ಈ ಸಲ ನಾವು ಬರೆಯುತ್ತಿರುವುದು ಕೋಡಿಂಗ್ ಪಾಠ ಅಲ್ಲ, ಪ್ಲೇಸ್‌ಮೆಂಟ್ ಟಿಪ್ಸೂ ಅಲ್ಲ. ಒಂದು ಕಾಲೇಜಿನ ಸಿಬ್ಬಂದಿಗೆ ಮುಂದಿನ ವರ್ಷ ಸಂಬಳ ಕೊಡಲು ಎಷ್ಟು ದುಡ್ಡು ಬೇಕು ಅಂತ ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕುವುದು ಹೇಗೆ, ಅಷ್ಟೇ ವಿಷಯ. "ಅದೇನು ಮಹಾ, ತಿಂಗಳ ಸಂಬಳವನ್ನ ಹನ್ನೆರಡರಿಂದ ಗುಣಿಸಿದ್ರೆ ಆಯ್ತಲ್ಲ" ಅಂತ ನಿಮಗೆ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಅದೇ ಧೈರ್ಯದಲ್ಲಿ ಹೋಗಿ ಒಂದು ತಪ್ಪು ಮಾಡಿದೆವು. ಆ ತಪ್ಪಿನಿಂದ ಒಂಬತ್ತು ಜನರ ಸಂಬಳ ಹತ್ತೊಂಬತ್ತು ದಿನ ತಡವಾಯಿತು. ಮೊದಲು ಆ ಕಥೆ ಹೇಳ್ತೀವಿ. ಆಮೇಲೆ ಅಂಥದ್ದು ಆಗದ ಹಾಗೆ ಹಾಳೆ ಕಟ್ಟುವ ಕ್ರಮ ಹೇಳ್ತೀವಿ.

ಆದದ್ದೇನು?

2024ರ ಫೆಬ್ರವರಿ. ನಾವು ನಾಲ್ವರಿಗೆ ಆಕ್ಟಿವಿಟಿ ಪಾಯಿಂಟ್ಸ್ ಬೇಕಿತ್ತು. ಹತ್ತಿರದಲ್ಲೇ ಒಂದು ಟ್ರಸ್ಟ್ ನಡೆಸುವ ಸಣ್ಣ ಕಾಲೇಜಿದೆ. ಅಲ್ಲಿನ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಸೂಪರಿಂಟೆಂಡೆಂಟ್ ಸರ್, ಒಬ್ಬರು ಕ್ಲರ್ಕ್ ಮೇಡಂ, ಇಬ್ಬರೇ. 2024-25ರ ಸಂಬಳದ ಅಂದಾಜನ್ನು ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಮುಂದೆ ಇಡಬೇಕಿತ್ತು. ಅಲ್ಲಿಯವರೆಗೆ ಅವರು ಅದನ್ನು ಕ್ಯಾಲ್ಕುಲೇಟರ್ ಹಿಡಿದು ಉದ್ದನೆಯ ಲೆಡ್ಜರ್ ಹಾಳೆಯಲ್ಲಿ ಮಾಡುತ್ತಿದ್ದರು. "ನಾವು ಎಕ್ಸೆಲ್‌ನಲ್ಲಿ ಮಾಡಿಕೊಡ್ತೀವಿ ಸರ್, ಎರಡೇ ದಿನ" ಅಂದೆವು. ಎರಡೇ ದಿನದಲ್ಲಿ ಮಾಡಿಯೂ ಕೊಟ್ಟೆವು.

ಅಲ್ಲಿ ತಾತ್ಕಾಲಿಕ ಸಿಬ್ಬಂದಿಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇದೆ. ಅಟೆಂಡರ್‌ಗಳು, ಕಸ ಗುಡಿಸುವವರು, ಲ್ಯಾಬ್ ಸಹಾಯಕರು ಎಲ್ಲ ಸೇರಿ ಒಂಬತ್ತು ಜನ. ತಿಂಗಳಿಗೆ ತಲಾ ₹14,000. ನಮಗೆ ಮೊದಲು ಸಿಕ್ಕ ಪಟ್ಟಿಯಲ್ಲಿ ಏಳೇ ಹೆಸರಿತ್ತು. ಉಳಿದ ಇಬ್ಬರು ಆ ಜನವರಿಯಲ್ಲಷ್ಟೇ ಸೇರಿದ್ದರು. ಕೊನೆಯ ದಿನ ಸಂಜೆ ಕ್ಲರ್ಕ್ ಮೇಡಂ ಒಂದು ಚೀಟಿಯಲ್ಲಿ ಆ ಎರಡು ಹೆಸರು ಬರೆದು ತಂದುಕೊಟ್ಟರು. ನಾವು ಏಳನೇ ಸಾಲಿನ ಕೆಳಗೆ, ಒಟ್ಟು ಮೊತ್ತದ ಮೇಲೆ, ಎರಡು ಸಾಲು ಸೇರಿಸಿ ಹೆಸರು, ಸಂಬಳ ತುಂಬಿದೆವು. ಪ್ರಿಂಟ್ ಕೊಟ್ಟೆವು.

ಒಟ್ಟು ಮೊತ್ತದ ಫಾರ್ಮುಲಾ ಮಾತ್ರ ಹಳೇ ಏಳು ಸಾಲನ್ನೇ ಕೂಡಿಸುತ್ತಾ ಕೂತಿತ್ತು. ಹೆಸರು ಇದೆ, ಸಂಬಳ ಇದೆ, ಆ ಸಾಲಿನ ವಾರ್ಷಿಕ ಮೊತ್ತವೂ ಸರಿ ಇದೆ. ಹಾಗಾಗಿ ನೋಡಿದವರಿಗೆಲ್ಲ ಸರಿಯಾಗೇ ಕಂಡಿತು. ಮಂಡಳಿ ಒಪ್ಪಿಗೆ ಕೊಟ್ಟದ್ದು ಕೊನೆಯ ಸಾಲಿನ ಅಂಕಿಗೆ.

ಈಗ ಲೆಕ್ಕ ನೋಡಿ. ಮಂಜೂರಾದದ್ದು 7 × 14,000 × 12 = ₹11,76,000. ಬೇಕಿದ್ದದ್ದು 9 × 14,000 × 12 = ₹15,12,000. ಕೊರತೆ ₹3,36,000. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತು ತಿಂಗಳು ಒಂಬತ್ತು ಜನರಿಗೆ ಸಂಬಳ ಕೊಟ್ಟಾಗ ಖರ್ಚಾದದ್ದು ₹11,34,000. ಉಳಿದದ್ದು ₹42,000, ಅಂದ್ರೆ ಮೂವರ ಸಂಬಳ. ಜನವರಿ ತಿಂಗಳಿಗೆ ಬೇಕಿದ್ದದ್ದು ₹1,26,000.

ಹೀಗೆ ನಮ್ಮ ತಪ್ಪು ಹತ್ತು ತಿಂಗಳು ಯಾರಿಗೂ ಕಾಣದೆ ಮಲಗಿತ್ತು. 2025ರ ಜನವರಿ ಸಂಬಳ ಫೆಬ್ರವರಿ 5ಕ್ಕೆ ಬರಬೇಕಿತ್ತು. ಪೂರಕ ಅಂದಾಜಿಗೆ ಮಂಡಳಿ ಸಭೆ ಸೇರಿ ಒಪ್ಪಿಗೆ ಕೊಟ್ಟ ಮೇಲೆ 24ಕ್ಕೆ ಬಂತು. ಬಿಟ್ಟುಹೋದದ್ದು ಇಬ್ಬರ ಲೆಕ್ಕ, ಆದರೆ ಕಾದದ್ದು ಒಂಬತ್ತೂ ಜನ. ಅವರಲ್ಲಿ ಕಾರಿಡಾರ್ ಗುಡಿಸುವ ಅಕ್ಕ ಒಬ್ಬರು ಸಂಘದ ವಾರದ ಕಂತು ಕಟ್ಟಲು ಪಕ್ಕದ ಮನೆಯಲ್ಲಿ ಕೈಸಾಲ ಮಾಡಿದ್ದರಂತೆ.

ಸೂಪರಿಂಟೆಂಡೆಂಟ್ ಸರ್ ನಮಗೆ ಫೋನ್ ಮಾಡಿ ಕರೆಸಿದರು. ಬೈಯಲಿಲ್ಲ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ಒಟ್ಟು ಮೊತ್ತದ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರು. ಏಳು ಸಾಲಿನ ಸುತ್ತ ನೀಲಿ ಚೌಕ ಮೂಡಿತು. ಎರಡು ಸಾಲು ಹೊರಗಿದ್ದವು. "ಇಲ್ಲಿ ನೋಡ್ರಪ್ಪಾ" ಅಂದರು, ಅಷ್ಟೇ.

2025-26ರ ಬಜೆಟ್ಟನ್ನು ನಾವು ಅವರ ಜೊತೆ ಕೂತು ಮೊದಲಿನಿಂದ ಮಾಡಿದೆವು. ಎರಡು ದಿನ ಅಲ್ಲ, ಎರಡು ವಾರ ಹಿಡಿಯಿತು. ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೀತಿದ್ದೀವಿ. ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಯಾವುದರಲ್ಲಾದರೂ ಇದು ನಡೆಯುತ್ತದೆ. ಫಾರ್ಮುಲಾ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೀವಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಮೊದಲ ಮಾತು: ಇದು ಜನರ ಪಟ್ಟಿ

ಸಂಬಳದ ಬಜೆಟ್ ಅಂದ್ರೆ ಒಂದು ದೊಡ್ಡ ಅಂಕಿ ಅಂತ ನಾವು ತಿಳಿದಿದ್ದೆವು. ನಿಜವಾಗಿ ಅದು ಜನರ ಪಟ್ಟಿ. ಒಬ್ಬೊಬ್ಬರಿಗೆ ಒಂದು ಸಾಲು, ಒಂದೊಂದು ತಿಂಗಳಿಗೆ ಒಂದು ಕಂಬ. ಮೂವತ್ತೆಂಟು ಜನ ಇದ್ದರೆ 38 × 12 = 456 ಸೆಲ್. ಪ್ರತಿ ಸೆಲ್ಲೂ ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು: "ಈ ವ್ಯಕ್ತಿಗೆ ಈ ತಿಂಗಳು ಸಂಸ್ಥೆ ಎಷ್ಟು ಕೊಡುತ್ತೆ?" ಗುಣಾಕಾರ, ಕೂಡಿಸುವುದು ಸಾಫ್ಟ್‌ವೇರ್ ಕೆಲಸ. ಪಟ್ಟಿಯಲ್ಲಿ ಯಾರಿದ್ದಾರೆ, ಯಾವ ದಿನದಿಂದ ಇದ್ದಾರೆ ಅಂತ ಕೇಳಿ ತಿಳಿಯುವುದು ನಮ್ಮ ಕೆಲಸ.

"ಸಂಬಳದ ಸಾಫ್ಟ್‌ವೇರ್ ಇರುತ್ತಲ್ಲ, ಅದೇ ಬಜೆಟ್ ಮಾಡಲ್ವಾ?" ಅಂತ ನಮ್ಮ ಜೂನಿಯರ್ ಒಬ್ಬ ಕೇಳಿದ. ಸರ್ಕಾರಿ ಕಾಲೇಜುಗಳಲ್ಲಿ ಸಂಬಳದ ಬಿಲ್ಲು ಎಚ್‌ಆರ್‌ಎಂಎಸ್‌ನಲ್ಲಿ ತಯಾರಾಗುತ್ತದೆ, ಹಣ ಖಜಾನೆ-2ರ ಮೂಲಕ ಬರುತ್ತದೆ. ಖಾಸಗಿ ಕಡೆ ಎಷ್ಟೋ ಜನ ಟ್ಯಾಲಿಯ ಪೇರೋಲ್ ಬಳಸುತ್ತಾರೆ. ಇವೆಲ್ಲ ಈ ತಿಂಗಳ ಸಂಬಳವನ್ನು ಚೆನ್ನಾಗಿ ಮಾಡುತ್ತವೆ. ಬರುವ ಜುಲೈನಲ್ಲಿ ಯಾರಿಗೆ ಇನ್‌ಕ್ರಿಮೆಂಟ್, ಯಾರು ನಿವೃತ್ತಿ, ಯಾವ ಹುದ್ದೆ ಭರ್ತಿ ಅಂತ ಮುಂದಕ್ಕೆ ನೋಡುವ ಲೆಕ್ಕ ಬಹುಪಾಲು ಕಡೆ ಇವತ್ತಿಗೂ ಸ್ಪ್ರೆಡ್‌ಶೀಟ್‌ನಲ್ಲೇ ಆಗುತ್ತದೆ. ಪೇರೋಲ್‌ನಿಂದ ಕಳೆದ ತಿಂಗಳ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿಕೊಂಡು ಶುರು ಮಾಡುವುದು ಒಳ್ಳೆಯದು.

ನಮ್ಮ ಫೈಲಿನಲ್ಲಿ ನಾಲ್ಕು ಹಾಳೆ: "ಜನ", "ದರ", "ತಿಂಗಳು", "ತಾಳೆ". ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆವು. ನಾವು ಪಾಸಾಗಿ ಹೋದ ಮೇಲೂ ಆಫೀಸಿನವರು ಅದನ್ನು ತೆರೆದು ಓದಬೇಕಲ್ಲ!

ಹಂತ 1: "ಜನ" ಹಾಳೆ

ಒಬ್ಬೊಬ್ಬರಿಗೆ ಒಂದು ಸಾಲು. ಕಂಬಗಳು ಇಷ್ಟು: ಸಿಬ್ಬಂದಿ ಸಂಖ್ಯೆ, ಹೆಸರು, ಹುದ್ದೆ, ಲೆಕ್ಕ ಶೀರ್ಷಿಕೆ, ಸೇರಿದ ದಿನ, ಬಿಡುವ ದಿನ, ಈಗಿನ ಮೂಲವೇತನ, ಇನ್‌ಕ್ರಿಮೆಂಟ್ ತಿಂಗಳು, ಇನ್‌ಕ್ರಿಮೆಂಟ್ ಆದ ಮೇಲಿನ ಮೂಲವೇತನ.

ಇಲ್ಲಿ ಒಂದು ಕಿವಿಮಾತು. ಒಂದು ಹಾಳೆಯಿಂದ ಇನ್ನೊಂದಕ್ಕೆ ಮಾಹಿತಿ ಹುಡುಕುವಾಗ ಹೆಸರನ್ನು ನಂಬಬೇಡಿ, ಸಿಬ್ಬಂದಿ ಸಂಖ್ಯೆಯನ್ನು ನಂಬಿ. ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಮುಂದೆ ಇದ್ದರೆ ಬ್ಯಾಂಕ್ ಪಟ್ಟಿಯಲ್ಲಿ ಹಿಂದೆ ಇರುತ್ತದೆ. ಕನ್ನಡದ ಫೈಲುಗಳಲ್ಲಿ ಇನ್ನೊಂದು ತೊಡಕು. ಹಳೇ ಪಟ್ಟಿಗಳು ನುಡಿಯ ಹಳೇ ಫಾಂಟ್‌ನಲ್ಲಿ ಇರುತ್ತವೆ, ಹೊಸವು ಯುನಿಕೋಡ್‌ನಲ್ಲಿ. ಕಣ್ಣಿಗೆ ಎರಡೂ ಒಂದೇ ಹೆಸರು. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಅಕ್ಷರಗಳ ಸಾಲು. ವಿಲುಕಪ್ ಹಾಕಿದರೆ "ಸಿಗಲಿಲ್ಲ" ಅನ್ನುತ್ತದೆ. ಸಂಖ್ಯೆಯಲ್ಲಿ ಈ ರಗಳೆ ಇಲ್ಲ.

ಪಟ್ಟಿ ಮುಗಿದ ಮೇಲೆ ಅದನ್ನು ಪ್ರಿಂಟ್ ತೆಗೆದು ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ಒಂದೊಂದು ಹೆಸರಿಗೂ ಟಿಕ್ ಹಾಕಿ. ಖಾಲಿ ಹುದ್ದೆ ಭರ್ತಿಯಾಗುವುದಿದ್ದರೆ ಅದಕ್ಕೂ ಒಂದು ಸಾಲು ಬೇಕು. ಹೆಸರಿನ ಜಾಗದಲ್ಲಿ "ಖಾಲಿ" ಅಂತ ಬರೆದು, ಸೇರುವ ದಿನವನ್ನು ಅಂದಾಜು ಮಾಡಿ. ಜೂನ್‌ನಲ್ಲಿ ಜಾಹೀರಾತು ಕೊಟ್ಟರೆ ಏಪ್ರಿಲ್‌ನಿಂದ ಸಂಬಳ ಹಿಡಿಯುವುದು ವ್ಯರ್ಥ. ಹಾಗಂತ ಪೂರ್ತಿ ಬಿಟ್ಟರೆ ಸೇರಿದವರಿಗೆ ಕೊಡಲು ದುಡ್ಡಿರುವುದಿಲ್ಲ.

ಹಂತ 2: "ದರ" ಹಾಳೆ

ಬದಲಾಗುವ ಅಂಕಿ ಯಾವುದನ್ನೂ ಫಾರ್ಮುಲಾ ಒಳಗೆ ಬರೆಯಬಾರದು. ಪ್ರೋಗ್ರಾಮಿಂಗ್ ತರಗತಿಯಲ್ಲಿ "ಹಾರ್ಡ್‌ಕೋಡ್ ಮಾಡಬೇಡಿ" ಅಂತ ಕೇಳಿ ಕೇಳಿ ನಮಗೆ ಸಾಕಾಗಿದೆ, ಅಲ್ವಾ? ಇಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಾವು "ದರ" ಹಾಳೆಯಲ್ಲಿ ಇಟ್ಟದ್ದು ಇವು:

- ತುಟ್ಟಿಭತ್ಯೆ, ಅಂದ್ರೆ ಡಿಎ. ಇದಕ್ಕೆ ತಿಂಗಳಿಗೊಂದರಂತೆ ಹನ್ನೆರಡು ಸೆಲ್.
- ಪಿಎಫ್: ಸಂಸ್ಥೆಯ ಪಾಲು 12%, ಆಡಳಿತ ಶುಲ್ಕ 0.5%, ಇಡಿಎಲ್‌ಐ ವಿಮೆ 0.5%. ವೇತನ ಮಿತಿ ₹15,000.
- ಇಎಸ್‌ಐ: ಸಂಸ್ಥೆಯ ಪಾಲು 3.25%, ವೇತನ ಮಿತಿ ₹21,000.
- ಗ್ರಾಚುಟಿಗೆ ತೆಗೆದಿಡುವ ಪ್ರಮಾಣ 4.81%.

ಡಿಎಗೆ ಹನ್ನೆರಡು ಸೆಲ್ ಯಾಕೆ? ಅದು ವರ್ಷದ ಮಧ್ಯೆ ಬದಲಾಗುತ್ತದೆ. ಕೇಂದ್ರದ ದರ ಪಾಲಿಸುವ ಕಡೆ ಜನವರಿ 1 ಮತ್ತು ಜುಲೈ 1, ವರ್ಷಕ್ಕೆ ಎರಡು ಸಲ. ತಮಾಷೆ ಏನಂದ್ರೆ ಘೋಷಣೆ ಆಮೇಲೆ ಬರುತ್ತದೆ. 2024ರ ಜನವರಿಯಿಂದ 50% ಅಂತ ಹೇಳಿದ್ದು ಮಾರ್ಚ್ 7ಕ್ಕೆ. ಜುಲೈಯಿಂದ 53% ಅಂತ ಹೇಳಿದ್ದು ಅಕ್ಟೋಬರ್ 16ಕ್ಕೆ. 2025ರ ಜನವರಿಯಿಂದ 55% ಅಂತ ಹೇಳಿದ್ದು ಮಾರ್ಚ್ 28ಕ್ಕೆ, ವರ್ಷ ಮುಗಿಯಲು ಮೂರೇ ದಿನ ಇದ್ದಾಗ. ನಮ್ಮ ಬಜೆಟ್ ಆಗಲೇ 53% ಹಿಡಿದು ತಯಾರಾಗಿತ್ತು. "ದರ" ಹಾಳೆಯಲ್ಲಿ ಒಂದು ಸಾಲು ಬದಲಿಸಿದೆವು. 38 ಜನರ ಲೆಕ್ಕ ತಾನೇ ಸರಿಯಾಯಿತು. ಫಾರ್ಮುಲಾ ಒಳಗೆ 53% ಬರೆದಿದ್ದರೆ 456 ಸೆಲ್‌ಗಳನ್ನು ತಡಕಾಡಬೇಕಿತ್ತು.

ಜೊತೆಗೆ ಹಿಂಬಾಕಿ ಮರೆಯಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ 2% ವ್ಯತ್ಯಾಸದ ದುಡ್ಡು ಕೈಬಿಟ್ಟು ಹೋಗುವುದು ಏಪ್ರಿಲ್ ನಂತರ. ಮೂಲವೇತನ ₹57,700 ಇರುವ ಒಬ್ಬರಿಗೆ ಅದು 57,700 × 2% × 3 = ₹3,462. ಹಳೇ ವರ್ಷದ ಲೆಕ್ಕದಲ್ಲಿ ತೆಗೆದಿಡದಿದ್ದರೆ ಹೊಸ ವರ್ಷದ ಬಜೆಟ್ಟೇ ಅದನ್ನು ಹೊರಬೇಕು.

ಹಂತ 3: "ತಿಂಗಳು" ಹಾಳೆ

ಇದೇ ಮುಖ್ಯ ಹಾಳೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಂಬ. ಶುರು ಮಾಡುವ ಮೊದಲು ಆಫೀಸಿನಲ್ಲಿ ಒಂದು ಮಾತು ಕೇಳಿ: ಮಾರ್ಚ್ ತಿಂಗಳ ಸಂಬಳ ಏಪ್ರಿಲ್‌ನಲ್ಲಿ ಕೊಟ್ಟರೆ ಅದು ಯಾವ ವರ್ಷದ ಲೆಕ್ಕ? ಕೆಲವು ಕಡೆ ಕೆಲಸ ಮಾಡಿದ ತಿಂಗಳಿಗೆ ಹಾಕುತ್ತಾರೆ, ಕೆಲವು ಕಡೆ ದುಡ್ಡು ಕೊಟ್ಟ ತಿಂಗಳಿಗೆ. ಎರಡರಲ್ಲಿ ಯಾವುದಾದರೂ ಸರಿ, ಬೆರೆಸಬಾರದು.

ಮೂಲವೇತನದ ಫಾರ್ಮುಲಾ ಹೀಗಿರುತ್ತದೆ:

= ಇಫ್(ತಿಂಗಳು < ಇನ್‌ಕ್ರಿಮೆಂಟ್ ತಿಂಗಳು, ಈಗಿನ ಮೂಲವೇತನ, ಹೊಸ ಮೂಲವೇತನ)

ಇಲ್ಲಿ "ತಿಂಗಳು" ಅಂದ್ರೆ ಪೂರ್ತಿ ದಿನಾಂಕ, ಉದಾಹರಣೆಗೆ 1-4-2025. ಬರೀ 4, 5, 6 ಅಂತ ಅಂಕಿ ಹಾಕಿದರೆ ಜನವರಿ 1 ಆಗಿ, ಏಪ್ರಿಲ್‌ಗಿಂತ ಮೊದಲು ಬಂದುಬಿಡುತ್ತದೆ. ಇದು ನಾವು ಮಾಡಿದ ಇನ್ನೊಂದು ತಪ್ಪು, ಪುಣ್ಯಕ್ಕೆ ಅವತ್ತೇ ಸಿಕ್ಕಿತು.

ಒಂದು ಉದಾಹರಣೆ ನೋಡೋಣ. ಎಐಸಿಟಿಇ ಏಳನೇ ವೇತನ ಶ್ರೇಣಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆರಂಭದ ಮೂಲವೇತನ ₹57,700. ಒಂದು ಇನ್‌ಕ್ರಿಮೆಂಟ್ ಆದರೆ ₹59,400. ಇನ್‌ಕ್ರಿಮೆಂಟ್ ಜುಲೈ 1ಕ್ಕೆ ಅಂತ ಇಟ್ಟುಕೊಳ್ಳಿ.

ಏಪ್ರಿಲ್ – ಜೂನ್: 57,700 × 3 = ₹1,73,100
ಜುಲೈ – ಮಾರ್ಚ್: 59,400 × 9 = ₹5,34,600
ವರ್ಷಕ್ಕೆ: ₹7,07,700

ಬರೀ ಹನ್ನೆರಡರಿಂದ ಗುಣಿಸಿದ್ದರೆ ₹6,92,400 ಬರುತ್ತಿತ್ತು, ಅಂದ್ರೆ ₹15,300 ಕಡಿಮೆ. "3% ಇನ್‌ಕ್ರಿಮೆಂಟ್ ಅಲ್ವಾ" ಅಂತ ಪೂರ್ತಿ ವರ್ಷಕ್ಕೆ 1.03ರಿಂದ ಗುಣಿಸಿದ್ದರೆ ₹7,13,172, ಅಂದ್ರೆ ₹5,472 ಜಾಸ್ತಿ. ಒಬ್ಬರ ಮೂಲವೇತನದಲ್ಲೇ ಇಷ್ಟು ವ್ಯತ್ಯಾಸ, ಅದರ ಮೇಲೆ ಡಿಎ ಬೇರೆ.

ಸೇರಿದ ದಿನ, ಬಿಡುವ ದಿನಕ್ಕೂ ಫಾರ್ಮುಲಾದಲ್ಲಿ ಜಾಗ ಕೊಡಿ. ಆ ತಿಂಗಳಲ್ಲಿ ಇಲ್ಲದವರಿಗೆ ಸೊನ್ನೆ ಬರಬೇಕು. ತಿಂಗಳ ಮಧ್ಯೆ ಸೇರಿದರೆ ದಿನದ ಲೆಕ್ಕ.

ಹಂತ 4: ಸಂಬಳದ ಮೇಲಿನ ಸಂಬಳ

₹14,000 ಸಂಬಳದವರಿಗೆ ಸಂಸ್ಥೆ ಕೊಡುವುದು ₹14,000 ಮಾತ್ರವೇ? ಅಲ್ಲ. ನಾವು ಮೊದಲ ವರ್ಷ ಇದನ್ನೂ ಗೊಂದಲ ಮಾಡಿಕೊಂಡಿದ್ದೆವು. ಸರಳ ಸೂತ್ರ ಇಷ್ಟು: ನೌಕರರ ಸಂಬಳದಿಂದ *ಮುರಿದುಕೊಳ್ಳುವುದು* ಬಜೆಟ್ಟಿಗೆ ಹೊಸದಾಗಿ ಸೇರುವುದಿಲ್ಲ, ಅದು ಆಗಲೇ ಸಂಬಳದ ಒಳಗಿದೆ. ಅವರ ಪಾಲಿನ ಪಿಎಫ್, ವೃತ್ತಿ ತೆರಿಗೆ, ಟಿಡಿಎಸ್ ಎಲ್ಲ ಹೀಗೆ. ಸಂಸ್ಥೆ *ಮೇಲಿನಿಂದ ಕಟ್ಟುವುದು* ಮಾತ್ರ ಸೇರಬೇಕು.

ಪಿಎಫ್: = ಮಿನ್(ಮೂಲವೇತನ + ಡಿಎ, ಮಿತಿ) × 13%. ಮಿತಿಯವರೆಗೆ ಮಾತ್ರ ಕಟ್ಟುವ ಸಂಸ್ಥೆಯಾದರೆ ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ 15,000 × 13% = ₹1,950. ₹14,000 ಇದ್ದವರಿಗೆ ₹1,820.

ಇಎಸ್‌ಐ: 14,000 × 3.25% = ₹455. ಹೀಗೆ ₹14,000 ಸಂಬಳದ ಒಬ್ಬರಿಗೆ ಸಂಸ್ಥೆಯ ತಿಂಗಳ ವೆಚ್ಚ 14,000 + 1,820 + 455 = ₹16,275. ಒಂಬತ್ತು ಜನರಿಗೆ ವರ್ಷಕ್ಕೆ ₹17,57,700.

ಇಎಸ್‌ಐನಲ್ಲಿ ಒಂದು ಸೂಕ್ಷ್ಮ ಇದೆ. ಒಬ್ಬ ಲ್ಯಾಬ್ ಸಹಾಯಕರ ಒಟ್ಟು ಸಂಬಳ ₹20,400 ಅಂತಿಟ್ಟುಕೊಳ್ಳಿ. ಜುಲೈನಲ್ಲಿ ₹21,200 ಆಯಿತು. ಮಿತಿ ₹21,000 ದಾಟಿತು. ಜುಲೈಯಿಂದ ಇಎಸ್‌ಐ ನಿಲ್ಲಿಸಬಹುದಾ? ಇಲ್ಲ. ಇಎಸ್‌ಐಗೆ ವರ್ಷದಲ್ಲಿ ಎರಡು ವಂತಿಗೆ ಅವಧಿ: ಏಪ್ರಿಲ್ – ಸೆಪ್ಟೆಂಬರ್, ಅಕ್ಟೋಬರ್ – ಮಾರ್ಚ್. ಅವಧಿ ಶುರುವಾದಾಗ ಮಿತಿಯೊಳಗಿದ್ದವರು ನಡುವೆ ದಾಟಿದರೂ ಆ ಅವಧಿ ಮುಗಿಯುವವರೆಗೆ ಕಟ್ಟಲೇಬೇಕು, ಅದೂ ಹೊಸ ಸಂಬಳದ ಮೇಲೆ.

ಏಪ್ರಿಲ್ – ಜೂನ್: 663 × 3 = ₹1,989
ಜುಲೈ – ಸೆಪ್ಟೆಂಬರ್: 689 × 3 = ₹2,067
ಅಕ್ಟೋಬರ್‌ನಿಂದ: ಇಲ್ಲ

ಹಾಗಾಗಿ ಫಾರ್ಮುಲಾ ಆ ತಿಂಗಳ ಸಂಬಳ ನೋಡಬಾರದು. ಏಪ್ರಿಲ್ ಅಥವಾ ಅಕ್ಟೋಬರ್ ಸಂಬಳ ನೋಡಿ "ಬೇಕು, ಬೇಡ" ತೀರ್ಮಾನಿಸಬೇಕು. ಇದು ಬರೀ ₹2,067ರ ಪ್ರಶ್ನೆ ಅಲ್ಲ. ಏಪ್ರಿಲ್ – ಸೆಪ್ಟೆಂಬರ್ ವಂತಿಗೆಯ ಆಧಾರದ ಮೇಲೆ ಮುಂದಿನ ಜನವರಿ – ಜೂನ್‌ನಲ್ಲಿ ಕಾಯಿಲೆ ರಜೆಯ ಭತ್ಯೆ ಸಿಗುತ್ತದೆ. ಅದಕ್ಕೆ ಆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬೇಕು. ನಮ್ಮ ಒಂದು ಇಫ್ ತಪ್ಪಾದರೆ ಯಾರದೋ ಮನೆಯಲ್ಲಿ ಕಾಯಿಲೆ ಬಂದಾಗ ಗೊತ್ತಾಗುತ್ತದೆ.

ಗ್ರಾಚುಟಿ: 2025ರ ಆರಂಭದಲ್ಲಿದ್ದ ನಿಯಮದಂತೆ, ಐದು ವರ್ಷ ಸೇವೆ ಮಾಡಿದವರಿಗೆ ಪ್ರತಿ ವರ್ಷದ ಸೇವೆಗೆ ಕೊನೆಯ ಮೂಲವೇತನ + ಡಿಎಯ 15/26 ಭಾಗ. ವರ್ಷಕ್ಕೆ 15/26 ತಿಂಗಳ ಸಂಬಳ ಅಂದ್ರೆ, ಹನ್ನೆರಡರಿಂದ ಭಾಗಿಸಿದರೆ ತಿಂಗಳ ಸಂಬಳದ 4.81%. ಎಲ್ಲರೂ ಹೇಳುವ ಆ ಅಂಕಿ ಬಂದದ್ದು ಇಲ್ಲಿಂದ. ಶಿಕ್ಷಕರಿಗೆ ಗ್ರಾಚುಟಿ ಇದೆಯೇ ಅನ್ನೋದು ಒಂದು ಕಾಲದಲ್ಲಿ ದೊಡ್ಡ ವಿವಾದ. 2004ರಲ್ಲಿ ಸುಪ್ರೀಂ ಕೋರ್ಟ್ ಆಗಿನ ಕಾಯ್ದೆಯ ಪ್ರಕಾರ ಶಿಕ್ಷಕರು "ನೌಕರರು" ಅಲ್ಲ ಅಂದಿತ್ತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು.

ತೆಗೆದಿಡುವುದು ಒಂದು, ನಿಜವಾಗಿ ಕೊಡುವುದು ಇನ್ನೊಂದು. ಈ ವರ್ಷ ನಿವೃತ್ತಿಯಾಗುವವರು ಇದ್ದರೆ ಅವರ ಹೆಸರಿನ ಮುಂದೆ ಪೂರ್ತಿ ಮೊತ್ತ ಬರೆಯಿರಿ. ₹60,000 ಮೂಲವೇತನ + ಡಿಎ, 30 ವರ್ಷ ಸೇವೆ ಆದರೆ 60,000 × 15/26 × 30 = ಸುಮಾರು ₹10,38,462. ಕಾಯ್ದೆಯ ಗರಿಷ್ಠ ಮಿತಿ 20 ಲಕ್ಷ. ಯಾವ ವರ್ಷವೂ ತೆಗೆದಿಡದ ಸಂಸ್ಥೆಗೆ ಒಬ್ಬರ ನಿವೃತ್ತಿಯೇ ಭಾರ ಆಗುತ್ತದೆ. ಆ ಭಾರ ಕೊನೆಗೆ ಬೀಳುವುದು ಆರು ತಿಂಗಳು ಆಫೀಸಿಗೆ ಅಲೆಯುವ ನಿವೃತ್ತರ ಮೇಲೆ.

ಹಂತ 5: "ಹೀಗಾದ್ರೆ?"

ಜುಲೈ ಡಿಎ ಎಷ್ಟು ಏರುತ್ತೆ ಅಂತ ಬಜೆಟ್ ಮಾಡುವಾಗ ಯಾರಿಗೂ ಗೊತ್ತಿರಲ್ಲ. ಒಂದೇ ಅಂಕಿ ಹೇಳುವ ಬದಲು ಮೂರು ಲೆಕ್ಕ ಕೊಡಿ. ಅದೇ ₹57,700ರ ಉದಾಹರಣೆಯಲ್ಲಿ ವರ್ಷದ ಡಿಎ ಹೀಗೆ ಬರುತ್ತದೆ:

- ಏರಿಕೆ ಇಲ್ಲ, ವರ್ಷಪೂರ್ತಿ 55%: ₹3,89,235
- ಜುಲೈ 57%, ಜನವರಿ 59%: ₹4,03,491
- ಜುಲೈ 58%, ಜನವರಿ 61%: ₹4,10,619

ಮೊದಲನೆಯದಕ್ಕೂ ಮೂರನೆಯದಕ್ಕೂ ಒಬ್ಬರಲ್ಲೇ ₹21,384 ವ್ಯತ್ಯಾಸ. "ದರ" ಹಾಳೆ ಇರುವುದರಿಂದ ಇದಕ್ಕೆ ಹೊಸ ಫೈಲು ಬೇಡ, ಡಿಎ ಸಾಲುಗಳನ್ನು ಮೂರು ಮಾಡಿ ಯಾವುದು ಬೇಕೋ ಅದನ್ನು ಆರಿಸುವ ಒಂದು ಸೆಲ್ ಇಟ್ಟರೆ ಸಾಕು. ಮಂಡಳಿಯವರು ಮಧ್ಯದ್ದನ್ನು ಒಪ್ಪಿದರು, ಮೂರನೆಯದರ ವ್ಯತ್ಯಾಸವನ್ನು ಮೀಸಲು ಅಂತ ಇಟ್ಟರು.

ಹಂತ 6: "ತಾಳೆ" ಹಾಳೆ

ನಮ್ಮ ತಪ್ಪಿನ ಮಗು ಈ ಹಾಳೆ. ಇಲ್ಲಿ ನಾಲ್ಕು ಪರೀಕ್ಷೆ ಇವೆ. ನಾಲ್ಕೂ "ಸರಿ" ಅನ್ನದೆ ಪ್ರಿಂಟ್ ಕೊಡಬಾರದು ಅಂತ ನಿಯಮ ಮಾಡಿಕೊಂಡಿದ್ದೀವಿ.

*ಒಂದು, ತಲೆ ಎಣಿಕೆ.* "ಜನ" ಹಾಳೆಯಲ್ಲಿ ಎಷ್ಟು ಹೆಸರು, "ತಿಂಗಳು" ಹಾಳೆಯ ಮೊತ್ತದಲ್ಲಿ ಎಷ್ಟು ಸಾಲು ಸೇರಿವೆ, ಹಾಜರಿ ಪುಸ್ತಕದಲ್ಲಿ ಎಷ್ಟು ಜನ. ಮೂರೂ ಒಂದೇ ಇರಬೇಕು. ಎಣಿಸುವ ಫಾರ್ಮುಲಾ ಮತ್ತು ಕೂಡಿಸುವ ಫಾರ್ಮುಲಾ ಒಂದೇ ವ್ಯಾಪ್ತಿ ಬಳಸಬೇಕು. ಆಗ 7 ಅಂತ ಬಂದರೆ ಒಂಬತ್ತು ಜನ ಎಲ್ಲಿ ಅಂತ ಕೇಳಬಹುದು.

*ಎರಡು, ಅಡ್ಡ-ಉದ್ದ ತಾಳೆ.* ಒಬ್ಬೊಬ್ಬರ ವಾರ್ಷಿಕ ಮೊತ್ತಗಳನ್ನೆಲ್ಲ ಕೂಡಿಸಿದ್ದೂ, ಹನ್ನೆರಡು ತಿಂಗಳ ಮೊತ್ತಗಳನ್ನು ಕೂಡಿಸಿದ್ದೂ ಸಮ ಇರಬೇಕು. ಆದರೆ ಎಚ್ಚರ: ಎಲ್ಲಾ ಕಂಬದಲ್ಲೂ ಒಂದೇ ಸಾಲು ತಪ್ಪಿದ್ದರೆ ಈ ಪರೀಕ್ಷೆ ಪಾಸಾಗಿಬಿಡುತ್ತದೆ. ನಮ್ಮ 2024ರ ಹಾಳೆಯೂ ಇದರಲ್ಲಿ ಪಾಸಾಗುತ್ತಿತ್ತು! ಅದಕ್ಕೇ ಮೊದಲನೆಯದು ಬೇಕು.

*ಮೂರು, ಪಠ್ಯ ಪರೀಕ್ಷೆ.* ವರ್ಡ್ ಅಥವಾ ಪಿಡಿಎಫ್‌ನಿಂದ ಪೇಸ್ಟ್ ಮಾಡಿದ 14,000 ಕೆಲವು ಸಲ ಅಂಕಿಯಾಗಿ ಕೂರುವುದಿಲ್ಲ, ಪಠ್ಯವಾಗಿ ಕೂರುತ್ತದೆ. ಸಮ್ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡ ಅಂಕಿ ಕಂಡರೆ ಅನುಮಾನ ಪಡಿ.

*ನಾಲ್ಕು, ಹಳೆಯದರಿಂದ ಹೊಸದಕ್ಕೆ ಸೇತುವೆ.* ಕೊನೆಯ ತಿಂಗಳು ನಿಜವಾಗಿ ಕೊಟ್ಟ ಸಂಬಳವನ್ನು ಹನ್ನೆರಡರಿಂದ ಗುಣಿಸಿ. ಅದಕ್ಕೂ ಹೊಸ ಬಜೆಟ್ಟಿಗೂ ಇರುವ ವ್ಯತ್ಯಾಸವನ್ನು ಮಾತಿನಲ್ಲಿ ವಿವರಿಸಿ: ಇನ್‌ಕ್ರಿಮೆಂಟಿಗೆ ಇಷ್ಟು, ಡಿಎಗೆ ಇಷ್ಟು, ಹೊಸಬರಿಗೆ ಇಷ್ಟು, ಬಿಟ್ಟವರಿಂದ ಇಷ್ಟು ಕಡಿಮೆ. ವಿವರಿಸಲಾಗದೆ ಉಳಿದ ಮೊತ್ತವೇ ತಪ್ಪು. 2024ರ ಜನವರಿಯಲ್ಲೇ ಆ ಒಂಬತ್ತು ಜನರಿಗೆ ₹1,26,000 ಕೊಟ್ಟಿದ್ದರು. ಹನ್ನೆರಡರಿಂದ ಗುಣಿಸಿದರೆ ₹15,12,000. ನಮ್ಮ ಬಜೆಟ್ ₹11,76,000. ಯಾರೂ ಬಿಟ್ಟಿರಲಿಲ್ಲ, ಯಾರ ಸಂಬಳವೂ ಇಳಿದಿರಲಿಲ್ಲ. ಈ ಒಂದು ಸಾಲಿನ ಲೆಕ್ಕ ಅವತ್ತು ಮಾಡಿದ್ದರೆ ಸಾಕಿತ್ತು.

ಇನ್ನು ಸಾಲು ಸೇರಿಸುವ ತೊಂದರೆಗೆ ನೇರ ಮದ್ದು: ಒಟ್ಟು ಮೊತ್ತವನ್ನು ಪಟ್ಟಿಯ ಕೆಳಗೆ ಇಡಬೇಡಿ, ಮೇಲೆ ಇಡಿ. ಅಥವಾ ಪಟ್ಟಿಯ ಕೊನೆಗೆ ಬಣ್ಣ ಹಚ್ಚಿದ ಒಂದು ಖಾಲಿ ಸಾಲು ಬಿಟ್ಟು ಅದನ್ನೂ ವ್ಯಾಪ್ತಿಯೊಳಗೆ ಸೇರಿಸಿ, ಹೊಸ ಹೆಸರು ಯಾವಾಗಲೂ ಅದರ ಮೇಲೆ ಸೇರಿಸಿ. ಎಕ್ಸೆಲ್‌ನಲ್ಲಿ ಪಟ್ಟಿಯನ್ನು ಟೇಬಲ್ ಆಗಿ ಮಾಡಿಕೊಂಡರೆ ಹೊಸ ಸಾಲು ತಾನೇ ಒಳಗೆ ಬರುತ್ತದೆ. ಮತ್ತೊಂದು ಮಾತು, ಈ ಫೈಲಿನಲ್ಲಿ ಎಲ್ಲರ ಸಂಬಳ ಇರುತ್ತದೆ. ಪಾಸ್‌ವರ್ಡ್ ಹಾಕಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ.

ನೀವೂ ಮಾಡಿ ನೋಡಿ

ಒಬ್ಬ ಅಟೆಂಡರ್ ಒಟ್ಟು ಸಂಬಳ ₹20,500, ಅದರಲ್ಲಿ ಮೂಲವೇತನ + ಡಿಎ ₹18,000. ಅಕ್ಟೋಬರ್ 1ರಿಂದ ಒಟ್ಟು ₹21,500, ಮೂಲವೇತನ + ಡಿಎ ₹19,000. ಪಿಎಫ್ ಮಿತಿಯವರೆಗೆ ಮಾತ್ರ. ಗ್ರಾಚುಟಿ ಬಿಟ್ಟು ಸಂಸ್ಥೆಗೆ ವರ್ಷದ ವೆಚ್ಚ ಎಷ್ಟು? ಇಎಸ್‌ಐ ಮೊತ್ತವನ್ನು ಮುಂದಿನ ರೂಪಾಯಿಗೆ ಏರಿಸಿಕೊಳ್ಳಿ. ಸಂಬಳ ಏರಿದ್ದು ಸೆಪ್ಟೆಂಬರ್ 1ಕ್ಕೇ ಆಗಿದ್ದರೆ?

ಉತ್ತರ: ಸಂಬಳ ₹2,52,000, ಪಿಎಫ್ 1,950 × 12 = ₹23,400, ಇಎಸ್‌ಐ 667 × 6 = ₹4,002. ಒಟ್ಟು ₹2,79,402. ಸೆಪ್ಟೆಂಬರ್ 1 ಆದರೆ ಸಂಬಳ ₹2,53,000, ಇಎಸ್‌ಐ 667 × 5 + 699 = ₹4,034. ಒಟ್ಟು ₹2,80,434. ಎರಡೂ ಸಂದರ್ಭದಲ್ಲಿ ಅಕ್ಟೋಬರ್‌ನಿಂದ ಇಎಸ್‌ಐ ಇಲ್ಲ. ಎರಡನೆಯದರಲ್ಲಿ ಸೆಪ್ಟೆಂಬರ್‌ನಲ್ಲಿ ಮಿತಿ ದಾಟಿದ್ದರೂ ಕಟ್ಟಿದ್ದೀವಿ ಅನ್ನೋದನ್ನ ಗಮನಿಸಿ.

ಕೊನೆಗೆ

ಈ ಏಪ್ರಿಲ್‌ನಲ್ಲಿ ಹೊಸ ಬಜೆಟ್ ಒಪ್ಪಿಗೆಯಾದ ಮೇಲೆ ನಾವು ಮತ್ತೆ ಆ ಕಾಲೇಜಿಗೆ ಹೋಗಿದ್ದೆವು. ಕಾರಿಡಾರ್‌ನಲ್ಲಿ ಆ ಅಕ್ಕ ಸಿಕ್ಕರು. ತಪ್ಪು ನಮ್ಮದು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾವೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಎಣಿಸಿದ್ರಾ?" ಅಂದರು. "ಎಣಿಸಿದೀವಿ ಅಕ್ಕ, ಒಂಬತ್ತು" ಅಂದೆವು. "ಹತ್ತು. ನಿನ್ನೆ ಇನ್ನೊಬ್ಳು ಸೇರ್ಕೊಂಡವ್ಳೆ" ಅಂದರು.

ನಾವು ವಾಪಸ್ ಆಫೀಸಿಗೆ ಹೋಗಿ ಫೈಲು ತೆರೆದೆವು.